ಒಂದೇ ಕಾರು, ರಸ್ತೆಗೂ ಟ್ರ್ಯಾಕಿಗೂ: ಬ್ರೇಕ್ ಪ್ಯಾಡ್ ಆರಿಸುವ ಬಗೆ

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ನನ್ನ ಮೊದಲ ದಿನ. ನಾಲ್ಕನೇ ಸುತ್ತು. ಉದ್ದನೆಯ ನೇರ ದಾರಿ ಮುಗಿಯುವ ಕಡೆ ಬ್ರೇಕ್ ಒತ್ತಿದೆ. ಪೆಡಲ್ ಹಾಗೇ ಕೆಳಗಿಳಿಯಿತು, ಒದ್ದೆ ಸ್ಪಂಜು ತುಳಿದ ಹಾಗೆ. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಕಾರು ಟಾರು ಬಿಟ್ಟು ಮಣ್ಣಿಗಿಳಿದಿತ್ತು. ಕಾರಿಗೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ, ಮಾನ ಮಾತ್ರ ಸ್ವಲ್ಪ ಹೋಯಿತು. ಮರುದಿನವೇ ದುಬಾರಿ ಬ್ರೇಕ್ ಪ್ಯಾಡ್ ಆರ್ಡರ್ ಮಾಡಿದೆ. ಅದು ದುಡುಕಿನ ಖರೀದಿ. ಅವತ್ತು ಕೈಕೊಟ್ಟದ್ದು ಪ್ಯಾಡ್ ಅಲ್ಲವೇ ಅಲ್ಲ, ಮೂರು ವರ್ಷದಿಂದ ನಾನು ಬದಲಿಸದೆ ಬಿಟ್ಟಿದ್ದ ಬ್ರೇಕ್ ಆಯಿಲ್.

ಬೆಂಗಳೂರಿನಿಂದ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೋಗುವ ಹೆಚ್ಚಿನವರ ಬಳಿ ಟ್ರೈಲರ್ ಇರುವುದಿಲ್ಲ, ಎರಡನೇ ಕಾರೂ ಇರುವುದಿಲ್ಲ. ವಾರವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳಿದ ಪೋಲೋನೋ ಸ್ವಿಫ್ಟೋ ಶನಿವಾರ ನಸುಕಿನಲ್ಲಿ ಚೆನ್ನೈ ದಾರಿ ಹಿಡಿಯುತ್ತದೆ. ಸುಮಾರು 300 ಕಿ.ಮೀ. ಓಡಿ ಶ್ರೀಪೆರಂಬುದೂರಿನ ಹತ್ತಿರದ ಅದೇ ಇರುಂಗಾಟ್ಟುಕೋಟೈ ಟ್ರ್ಯಾಕು, ಅಂದರೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಸೇರುತ್ತದೆ. ಅಲ್ಲಿ ಒಂದು ಸುತ್ತು ಎಂದರೆ 3.717 ಕಿ.ಮೀ., 12 ತಿರುವು. ಸಂಜೆ ಅದೇ ಕಾರು, ಅದೇ ಪ್ಯಾಡ್, ಮಳೆ ಬಂದರೆ ಮಳೆಯಲ್ಲೇ ವಾಪಸ್. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುವವರ ಪಾಡೂ ಇದೇ. ಬೆಳಿಗ್ಗೆ ಮೊದಲ ಸಿಗ್ನಲ್ಲಿನಲ್ಲಿ ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಲೋಹದ ತಟ್ಟೆ) ಇನ್ನೂ ತಣ್ಣಗಿರುವಾಗಲೂ ಆ ಪ್ಯಾಡ್ ಹಿಡಿಯಬೇಕು. ಮಧ್ಯಾಹ್ನ ಅದೇ ಡಿಸ್ಕ್ 500 ಡಿಗ್ರಿಗೆ ಏರಿದಾಗಲೂ ಹಿಡಿಯಬೇಕು. ಎರಡನ್ನೂ ಪೂರ್ತಿ ಚೆನ್ನಾಗಿ ಮಾಡುವ ಪ್ಯಾಡನ್ನು ನಾನಂತೂ ಇನ್ನೂ ಕಂಡಿಲ್ಲ. ಹಾಗಾಗಿ ಎಲ್ಲಿ ರಾಜಿ ಮಾಡಿಕೊಳ್ಳಬೇಕು, ಎಲ್ಲಿ ಕೂಡದು ಎಂದು ತಿಳಿದಿರಬೇಕು.

ಹೆಜ್ಜೆ 1: ಕಳೆದ ಸಲ ಸೋತದ್ದು ಯಾವುದು ಎಂದು ಗುರುತಿಸಿ

ಬ್ರೇಕ್ ಬಿಸಿಗೆ ಸೋಲುವುದು ಎರಡು ರೀತಿಯಲ್ಲಿ. ಎರಡನ್ನೂ ನಿಮ್ಮ ಕಾಲೇ ಹೇಳುತ್ತದೆ.

ಪೆಡಲ್ ಗಟ್ಟಿಯಾಗೇ ಇದೆ, ಎಂದಿನ ಎತ್ತರದಲ್ಲೇ ನಿಂತಿದೆ, ಆದರೆ ಎಷ್ಟು ತುಳಿದರೂ ಕಾರು ನಿಲ್ಲುತ್ತಿಲ್ಲ. ಇದು ಪ್ಯಾಡಿನ ಸೋಲು. ಪ್ಯಾಡಿನಲ್ಲಿರುವ ಅಂಟು ಅದರ ಮಿತಿ ಮೀರಿ ಕಾದಿದೆ. ಅದರಿಂದ ಹೊರಟ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಜಾರಿಸುತ್ತಿದೆ. ಮೂಗಿಗೂ ಗೊತ್ತಾಗುತ್ತದೆ, ಸುಟ್ಟ ವಾಸನೆ ಒಳಗೇ ಬರುತ್ತದೆ.

ಪೆಡಲ್ ಮೆತ್ತಗಾಗಿದೆ, ಕೆಳಕ್ಕೆ ಹೋಗುತ್ತಿದೆ, ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬರುತ್ತದೆ. ಇದು ಆಯಿಲ್ ಕುದಿದದ್ದು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆ ಕಟ್ಟಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ನೀವು ತುಳಿದದ್ದೆಲ್ಲ ಆ ಗುಳ್ಳೆಗೇ ಹೋಗುತ್ತದೆ.

ಮೊದಲನೆಯದಕ್ಕೆ ಪ್ಯಾಡ್ ಬದಲಿಸಬೇಕು. ಎರಡನೆಯದಕ್ಕೆ ಪ್ಯಾಡ್ ಬದಲಿಸಿದರೆ ಏನೂ ಉಪಯೋಗವಿಲ್ಲ. ಕೆಲವೊಮ್ಮೆ ಇನ್ನೂ ಕೆಡುತ್ತದೆ: ಒಳ್ಳೆಯ ಪ್ಯಾಡ್ ಹಾಕಿದ ಧೈರ್ಯದಲ್ಲಿ ಇನ್ನೂ ತಡವಾಗಿ ಬ್ರೇಕ್ ಒತ್ತುತ್ತೀರಿ, ಬಿಸಿ ಇನ್ನೂ ಏರುತ್ತದೆ, ಆಯಿಲ್ ಇನ್ನೂ ಬೇಗ ಕುದಿಯುತ್ತದೆ. ನಾನು ಇದನ್ನೂ ಮಾಡಿ ನೋಡಿದ್ದೇನೆ.

ಹೆಜ್ಜೆ 2: ಮೊದಲು ಬ್ರೇಕ್ ಆಯಿಲ್

ಪ್ಯಾಡಿನ ಲೇಖನದಲ್ಲಿ ಆಯಿಲ್ ಯಾಕೆ ಅಂತ ಕೇಳಬೇಡಿ. ಟ್ರ್ಯಾಕಿಗೆ ಮೊದಲ ಸಲ ಹೋಗುವವರು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಲಿ.

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ನೀರು ಸೇರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಬಾಟಲಿಯ ಮೇಲೆ ಡಾಟ್ 4 ಎಂದು ದರ್ಜೆ ಬರೆದ ಆಯಿಲ್ ಹೊಸದಾಗಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಲೆಕ್ಕ 205 ಮತ್ತು 140. ಡಾಟ್ 5.1ಕ್ಕೆ 260 ಮತ್ತು 180. ಮಂಗಳೂರು, ಉಡುಪಿ ಕಡೆ ಓಡುವ ಕಾರುಗಳು ಕರಾವಳಿಯ ತೇವದ ಗಾಳಿಯಲ್ಲೇ ಬದುಕುತ್ತವೆ. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ಅಂಥ ಕಾರಿಗೆ ಅಷ್ಟನ್ನೂ ಕಾಯಬೇಡಿ.

ಟ್ರ್ಯಾಕಿಗೆಂದೇ ಮಾಡಿದ ಆಯಿಲ್‌ಗಳಿವೆ. ಮೋಟುಲ್ ಆರ್‌ಬಿಎಫ್ 600 ಹೊಸದಾಗಿದ್ದಾಗ 312 ಡಿಗ್ರಿಗೆ ಕುದಿಯುತ್ತದೆ. ನಮ್ಮ ವೇಗಕ್ಕೆ ಇದು ಧಾರಾಳ. ಒಂದು ಎಚ್ಚರಿಕೆ: ಡಾಟ್ 5 ಬೇರೆ, ಡಾಟ್ 5.1 ಬೇರೆ. ಡಾಟ್ 5 ಸಿಲಿಕೋನ್ ಆಯಿಲ್, ಅದು ಉಳಿದವುಗಳ ಜೊತೆ ಬೆರೆಯುವುದಿಲ್ಲ. ನಂಬರ್ ಜಾಸ್ತಿ ಇದೆಯಲ್ಲ ಎಂದು ಅದನ್ನು ಸುರಿಯಬೇಡಿ. ಇನ್ನೊಂದು ಮಾತು, ತೆರೆದು ಅರ್ಧ ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಅದು ಮುಚ್ಚಳದ ಸಂದಿಯಿಂದಲೂ ತೇವ ಕುಡಿಯುತ್ತದೆ. ಬಾಟಲಿಯ ಬೆಲೆ ನೆನೆದರೆ ಹೊಟ್ಟೆ ಉರಿಯುತ್ತದೆ, ಆದರೂ ಬೇಡ.

ಹೆಜ್ಜೆ 3: ನಿಮ್ಮ ಬ್ರೇಕ್ ಎಷ್ಟು ಬಿಸಿಯಾಗುತ್ತದೆ ಎಂದು ಅಂದಾಜು ಮಾಡಿ

ಇದು ಸ್ವಲ್ಪ ಲೆಕ್ಕದ ಭಾಗ. ಬೇಸರ ಮಾಡಿಕೊಳ್ಳಬೇಡಿ, ಪ್ಯಾಡ್ ಆಯ್ಕೆಯ ಗುಟ್ಟೆಲ್ಲ ಇಲ್ಲೇ ಇದೆ.

ಡ್ರೈವರ್ ಸೇರಿ 1,100 ಕೆಜಿ ತೂಗುವ ಕಾರು ತೆಗೆದುಕೊಳ್ಳಿ. ಊರೊಳಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 1.5 ಲಕ್ಷ ಜೂಲ್. ಅದೇ ಕಾರನ್ನು ಟ್ರ್ಯಾಕಿನಲ್ಲಿ 160ರಿಂದ 80ಕ್ಕೆ ಇಳಿಸಿದರೆ ಸುಮಾರು 8 ಲಕ್ಷ ಜೂಲ್. ಕಾರು ನಿಂತೂ ಇಲ್ಲ, ಆಗಲೇ ಐದು ಪಟ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ, ಅದರ ಆಟ ಇದು. ಎರಡೂವರೆ ಸೆಕೆಂಡಿನಲ್ಲಿ ಇಷ್ಟನ್ನೂ ಮುಗಿಸುವಾಗ ಬ್ರೇಕ್ ಮಾಡುವ ಕೆಲಸ 400 ಅಶ್ವಶಕ್ತಿಗೂ ಹೆಚ್ಚು. ನಿಮ್ಮ ಎಂಜಿನ್ ನೂರೋ ನೂರಹತ್ತೋ ಅಶ್ವಶಕ್ತಿಯದು, ಅಲ್ವಾ?

ಆ ಶಕ್ತಿಯ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕುಗಳಿಗೆ ಹೋಗುತ್ತದೆ ಎಂದುಕೊಳ್ಳಿ. ಒಂದೊಂದು ಡಿಸ್ಕ್ 6 ಕೆಜಿ ಇದ್ದರೆ, ಒಂದು ಸಲ ಹಾಗೆ ಒತ್ತಿದಾಗ ಅವು 100 ಡಿಗ್ರಿಗೂ ಸ್ವಲ್ಪ ಮೇಲೆ ಏರುತ್ತವೆ. ಮುಂದಿನ ತಿರುವಿಗೆ ಮುಂಚೆ ಅಷ್ಟೂ ಆರಲು ಸಮಯ ಸಿಗುವುದಿಲ್ಲ. ಸುತ್ತು ಸುತ್ತಿಗೂ ಮೇಲೆ ಮೇಲೆ ಹೋಗುತ್ತದೆ. ಊರ ಓಡಾಟದಲ್ಲಿ 100ರಿಂದ 200 ಡಿಗ್ರಿಯಲ್ಲಿ ಇರುವ ಡಿಸ್ಕ್ ಟ್ರ್ಯಾಕಿನಲ್ಲಿ 400, 500 ದಾಟುವುದು ಹೀಗೆ.

ಘಟ್ಟ ಇಳಿಯುವವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಚಾರ್ಮಾಡಿ, ಆಗುಂಬೆ ಇಳಿಯುವುದಕ್ಕೂ ಟ್ರ್ಯಾಕ್ ಪ್ಯಾಡ್ ಬೇಕಾ? ಇದೇ ಕಾರು 500 ಮೀಟರ್ ಇಳಿದರೆ ಕಳೆಯಬೇಕಾದ ಒಟ್ಟು ಶಕ್ತಿ ಸುಮಾರು 54 ಲಕ್ಷ ಜೂಲ್. ದೊಡ್ಡ ಸಂಖ್ಯೆಯೇ. ಆದರೆ ಅದು ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಹಂಚಿಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲು ಎಂಜಿನ್ನೇ ಹೊರುತ್ತದೆ. ಟ್ರ್ಯಾಕಿನಲ್ಲಿ ಗಟ್ಟಿಯಾಗಿ ಏಳೆಂಟು ಸಲ ಬ್ರೇಕ್ ಒತ್ತಿದರೆ ಅಷ್ಟು ಶಕ್ತಿ ಖರ್ಚಾಗಿಬಿಡುತ್ತದೆ, ಅದೂ ಕೆಲವೇ ನಿಮಿಷದಲ್ಲಿ. ಘಟ್ಟದಲ್ಲಿ ಬ್ರೇಕ್ ಸೋತರೆ ಸಾಮಾನ್ಯವಾಗಿ ತಪ್ಪು ಗೇರಿನದು ಅಥವಾ ಹಳೇ ಆಯಿಲ್‌ದು. ಘಟ್ಟಕ್ಕೆಂದು ರೇಸ್ ಪ್ಯಾಡ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಸುಮ್ನೆ ದುಡ್ಡು ದಂಡ.

ಅಂದಾಜು ಸಾಲದು, ಅಳೆಯಬೇಕು ಎನ್ನುವವರಿಗೆ ಒಳ್ಳೆಯ ದಾರಿ ಬಿಸಿಗೆ ಬಣ್ಣ ಬದಲಿಸುವ ಪೇಂಟ್. ಡಿಸ್ಕಿನ ಅಂಚಿಗೆ ಮೂರು ಬಣ್ಣದ ಗೆರೆ ಎಳೆಯುತ್ತಾರೆ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ದಿನದ ಕೊನೆಗೆ ಯಾವ ಗೆರೆ ಉಳಿದಿದೆ ನೋಡಿದರೆ ಡಿಸ್ಕ್ ಎಲ್ಲಿಯವರೆಗೆ ಹೋಗಿತ್ತು ಎಂದು ಗೊತ್ತಾಗುತ್ತದೆ. ಕೈಯಲ್ಲಿ ಹಿಡಿಯುವ ಲೇಸರ್ ಥರ್ಮಾಮೀಟರ್ ಅಗ್ಗ, ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಅದೂ ಅಲ್ಲದೆ ನೀವು ಸುತ್ತು ಮುಗಿಸಿ ಟ್ರ್ಯಾಕಿನ ಪಕ್ಕದ ಪಿಟ್‌ಗೆ ಬರುವಷ್ಟರಲ್ಲಿ ಡಿಸ್ಕ್ ಅರ್ಧ ಆರಿರುತ್ತದೆ. ಎಡ-ಬಲ ಹೋಲಿಸಲು ಮಾತ್ರ ಅದನ್ನು ಬಳಸಿ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಆ ಕ್ಯಾಲಿಪರ್ ಹಿಡಿದುಕೊಂಡಿದೆ ಎಂದರ್ಥ.

ಹೆಜ್ಜೆ 4: ಪ್ಯಾಡಿನ ಜಾತಿ ಮತ್ತು ಅದರ ಮೇಲಿನ ಬರಹ ಓದಿ

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ 1897ರ ಸುಮಾರಿಗೆ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಮರದ ಬ್ರೇಕು ಜಾರದಿರಲಿ ಎಂದು ಅದಕ್ಕೆ ಹಳೇ ಬೂಟು ಕಟ್ಟುತ್ತಿದ್ದರಂತೆ. ಅದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತ ಇದಕ್ಕಿಂತ ಒಳ್ಳೆಯದು ಮಾಡಬಹುದಲ್ಲ ಎಂದು ಹೊರಟ. ಅಲ್ಲಿಂದ ಫೆರೋಡೋ ಕಂಪನಿ ಹುಟ್ಟಿತು. ತನ್ನ ಹೆಸರಿನ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್ ಹೆಸರಿನ ಒಂದಕ್ಷರ ಸೇರಿಸಿ ಆ ಹೆಸರು ಕಟ್ಟಿದ ಎನ್ನುತ್ತಾರೆ. ಬೂಟಿನಿಂದ ಇವತ್ತಿನವರೆಗೆ ಕೆಲಸ ಮಾತ್ರ ಅದೇ: ಕಾದಾಗಲೂ ಹಿಡಿತ ಬಿಡದ ವಸ್ತು ಹುಡುಕುವುದು.

ಇವತ್ತು ಅಂಗಡಿಯಲ್ಲಿ ಸಿಗುವವು ಹೀಗಿವೆ. ಆರ್ಗ್ಯಾನಿಕ್ ಪ್ಯಾಡ್‌ಗಳು ಮೆತ್ತಗಿರುತ್ತವೆ, ಸದ್ದಿಲ್ಲ, ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತವೆ, ಜಾಸ್ತಿ ಬಿಸಿಗೆ ಬೇಗ ಸೋಲುತ್ತವೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ನಾರು, ಕಬ್ಬಿಣದ ಪುಡಿ ಇರುತ್ತದೆ. ಬಿಸಿ ತಡೆಯುತ್ತವೆ, ಬದಲಿಗೆ ಡಿಸ್ಕ್ ತಿನ್ನುತ್ತವೆ, ಕಪ್ಪು ಪುಡಿ ಉದುರಿಸುತ್ತವೆ. ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಎಂದು ಮಾರುವ ಪ್ಯಾಡ್‌ಗಳು ಹೆಚ್ಚಾಗಿ ಈ ಗುಂಪಿನವು.

ಸೆರಾಮಿಕ್ ಬಗ್ಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಸೂಪರ್ ಕಾರುಗಳಲ್ಲಿರುವ ಕಾರ್ಬನ್ ಸೆರಾಮಿಕ್ ಎಂದರೆ ಅದು ಡಿಸ್ಕ್. ಅಂಗಡಿಯಲ್ಲಿ ನಮಗೆ ಸಿಗುವ ಸೆರಾಮಿಕ್ ಪ್ಯಾಡ್ ಅದಲ್ಲ. ಇದು ಪುಡಿ ಕಡಿಮೆ, ಸದ್ದು ಕಡಿಮೆ ಎಂದು ಮಾಡಿದ ನಯವಾದ ರಸ್ತೆ ಪ್ಯಾಡ್. ಹೆಸರು ಕೇಳಿ ಟ್ರ್ಯಾಕಿಗೆ ಒಯ್ದರೆ ಹೆಚ್ಚಿನವು ನಾಲ್ಕೈದು ಸುತ್ತಿಗೆ ಕೈ ಎತ್ತುತ್ತವೆ.

ಪ್ಯಾಡಿನ ಅಂಚಿನಲ್ಲಿ ಅಥವಾ ಬೆನ್ನಿನಲ್ಲಿ ಎರಡು ಅಕ್ಷರ ಅಚ್ಚಾಗಿರುವುದನ್ನು ನೋಡಿರಬಹುದು: ಎಫ್‌ಎಫ್, ಜಿಜಿ, ಇಎಫ್ ಹೀಗೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನ ಹಿಡಿತ. ಇ ಎಂದರೆ ಘರ್ಷಣೆಯ ಅಂಕ, ಅಂದರೆ ಮ್ಯೂ, 0.25ರಿಂದ 0.35. ಎಫ್ ಎಂದರೆ 0.35ರಿಂದ 0.45. ಜಿ ಎಂದರೆ 0.45ರಿಂದ 0.55. ಎಫ್‌ಇ ಎಂದಿದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ ಎಂದು ಕಂಪನಿಯೇ ಒಪ್ಪಿಕೊಂಡ ಹಾಗೆ. ಆದರೆ ಈ ಅಕ್ಷರ ನೋಡಿ ಟ್ರ್ಯಾಕ್ ಪ್ಯಾಡ್ ಆರಿಸಬೇಡಿ. ಪ್ಯಾಡಿನ ಒಂದು ಸಣ್ಣ ತುಂಡಿನ ಮೇಲೆ ನಡೆಯುವ ಆ ಪರೀಕ್ಷೆ ಸುಮಾರು 340 ಡಿಗ್ರಿಗೇ ನಿಲ್ಲುತ್ತದೆ. ನಮ್ಮ ತಲೆನೋವು ಶುರುವಾಗುವುದೇ ಅಲ್ಲಿಂದ ಮೇಲೆ.

ಇನ್ನೊಂದು ಗುರುತು ಯುರೋಪಿನದು, ಆರ್ 90. ಮೂಲ ಪ್ಯಾಡಿನ ಹಿಡಿತಕ್ಕಿಂತ ನೂರಕ್ಕೆ 15ಕ್ಕಿಂತ ಆಚೀಚೆ ಹೋಗದ ಬದಲಿ ಪ್ಯಾಡಿಗೆ ಇದು ಸಿಗುತ್ತದೆ. ರಸ್ತೆ ಪ್ಯಾಡ್ ಕೊಳ್ಳುವಾಗ ಇದು ಒಳ್ಳೆಯ ಭರವಸೆ. ಪೂರ್ತಿ ರೇಸ್ ಪ್ಯಾಡ್‌ಗಳಲ್ಲಿ ಇದು ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸಲೂ ಬೇಡಿ.

ನೀವು ನಿಜವಾಗಿ ಕೇಳಿ ಪಡೆಯಬೇಕಾದದ್ದು ಮ್ಯೂ ಮತ್ತು ತಾಪಮಾನದ ಗ್ರಾಫ್. ಒಳ್ಳೆಯ ಕಂಪನಿಗಳು ತಮ್ಮ ಕ್ಯಾಟಲಾಗಿನಲ್ಲಿ ಕೊಡುತ್ತವೆ. ಆ ಗೆರೆಯಲ್ಲಿ ಎತ್ತರ ನೋಡಬೇಡಿ, ಸಮತಟ್ಟು ನೋಡಿ. 50 ಡಿಗ್ರಿಯಲ್ಲಿ 0.40, 500ರಲ್ಲೂ 0.40 ಇರುವ ಪ್ಯಾಡ್, ನಡುವೆ 0.55ಕ್ಕೆ ಜಿಗಿದು ಮತ್ತೆ ಬೀಳುವ ಪ್ಯಾಡಿಗಿಂತ ಸಾವಿರ ಪಾಲು ವಾಸಿ. ಕಾಲಿಗೆ ಪ್ರತಿ ಸಲ ಒಂದೇ ಉತ್ತರ ಸಿಗುತ್ತದೆ. ಗ್ರಾಫ್ ಎಡಗಡೆ, ಅಂದರೆ ತಣ್ಣಗಿನ ಕಡೆ, ಎಲ್ಲಿಂದ ಶುರುವಾಗಿದೆ ಎಂದೂ ನೋಡಿ. 200 ಡಿಗ್ರಿಯಿಂದ ಶುರುವಾಗಿದ್ದರೆ ಅದರ ಕೆಳಗಿನ ಕಥೆ ಹೇಳಲು ಅವರಿಗೆ ಇಷ್ಟವಿಲ್ಲ ಎಂದುಕೊಳ್ಳಿ.

ಹೆಜ್ಜೆ 5: ನಿಮ್ಮ ಬಳಕೆಗೆ ತಕ್ಕದ್ದು

ವರ್ಷವಿಡೀ ರಸ್ತೆ, ಒಮ್ಮೆ ಟ್ರ್ಯಾಕ್ ನೋಡಿ ಬರೋಣ ಎನ್ನುವವರು ಕಾರಿನ ಜೊತೆ ಬಂದ ಮೂಲ ಪ್ಯಾಡನ್ನೇ ಇಟ್ಟುಕೊಳ್ಳಿ. ಹೊಸ ಆಯಿಲ್ ಹಾಕಿಸಿ. ಮೂರು ಸುತ್ತು ಜೋರು, ಒಂದು ಸುತ್ತು ನಿಧಾನ ಎಂದು ಓಡಿಸಿ. ಮೊದಲ ಸಲ ಹೋದಾಗ ನಿಮ್ಮ ವೇಗವನ್ನು ತಡೆಯುವುದು ಬ್ರೇಕ್ ಅಲ್ಲ, ದಾರಿಯ ಪರಿಚಯ ಇಲ್ಲದಿರುವುದು. ಇದನ್ನು ಕೇಳಲು ಯಾರಿಗೂ ಇಷ್ಟವಾಗುವುದಿಲ್ಲ, ಗೊತ್ತು.

ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವರಿಗೆ ಎರಡಕ್ಕೂ ಒಗ್ಗುವ ನಡುವಿನ ಪ್ಯಾಡ್ ಸರಿ. ಫೆರೋಡೋ ಡಿಎಸ್ 2500 ಈ ಗುಂಪಿನಲ್ಲಿ ಹಳೇ ಹೆಸರು. ಕಂಪನಿ ಹೇಳುವ ಸರಾಸರಿ ಮ್ಯೂ 0.42. ತಣ್ಣಗಿದ್ದಾಗಲೂ ಹಿಡಿಯುತ್ತದೆ, ಗೆರೆ ಸಾಕಷ್ಟು ಸಮತಟ್ಟು. ಇಬಿಸಿಯವರು ಬಣ್ಣದಿಂದ ಹೆಸರಿಡುತ್ತಾರೆ: ಗ್ರೀನ್‌ಸ್ಟಫ್ ಮತ್ತು ರೆಡ್‌ಸ್ಟಫ್ ರಸ್ತೆಗೆ, ಯೆಲ್ಲೋಸ್ಟಫ್ ರಸ್ತೆಗೂ ಹಗುರ ಟ್ರ್ಯಾಕಿಗೂ, ಬ್ಲೂಸ್ಟಫ್ ಟ್ರ್ಯಾಕಿನ ಕಡೆ ವಾಲಿದ್ದು. ಹಾಕ್ ಕಂಪನಿಯ ಎಚ್‌ಪಿಎಸ್ ರಸ್ತೆಗೆ, ಎಚ್‌ಪಿ ಪ್ಲಸ್ ಇನ್ನೊಂದು ಮೆಟ್ಟಿಲು ಮೇಲೆ, ಅದಕ್ಕೆ ತಕ್ಕ ಕಿರಿಚಾಟವೂ ಇದೆ. ಎಲ್ಲ ಕಾರಿಗೂ ಎಲ್ಲವೂ ಸಿಗುವುದಿಲ್ಲ. ಯುರೋಪಿನ ಕಂಪನಿಗಳ ಕಾರಿಗೆ ಹುಡುಕುವುದು ಸುಲಭ, ನಮ್ಮಲ್ಲಿ ಮಾತ್ರ ಮಾರುವ ಮಾಡೆಲ್ಲಿಗೆ ಕಷ್ಟ.

ತಿಂಗಳಿಗೊಮ್ಮೆ ಹೋಗುತ್ತೀರಿ, ಸೆಮಿ ಸ್ಲಿಕ್ ಟಯರ್ (ಗೀರು ಕಡಿಮೆ, ಹಿಡಿತ ಹೆಚ್ಚು ಇರುವ ಟಯರ್) ಹಾಕಿದ್ದೀರಿ ಎಂದರೆ ಒಂದೇ ಪ್ಯಾಡಿನ ಆಸೆ ಬಿಡಿ. ಎರಡು ಜೊತೆ ಇಟ್ಟುಕೊಳ್ಳಿ. ಪ್ಯಾಜಿಡ್ ಆರ್‌ಎಸ್ 29, ಹಾಕ್ ಡಿಟಿಸಿ 60 ತರಹದ ರೇಸ್ ಪ್ಯಾಡನ್ನು ಡಿಕ್ಕಿಯಲ್ಲಿ ಒಯ್ದು, ಟ್ರ್ಯಾಕಿನ ಬಳಿ ಕಾರು ನಿಲ್ಲಿಸುವ ಜಾಗದಲ್ಲಿ (ಪ್ಯಾಡಾಕ್) ಹಾಕಿ, ಸಂಜೆ ಬಿಚ್ಚಿ. ಸಾಮಾನ್ಯ ಕ್ಯಾಲಿಪರಿನಲ್ಲಿ ಕೈ ಪಳಗಿದವರಿಗೆ ಮುಂದಿನ ಎರಡು ಚಕ್ರಕ್ಕೆ ಮುಕ್ಕಾಲು ಗಂಟೆ ಸಾಕು. ಈ ಪ್ಯಾಡನ್ನು ರಸ್ತೆಯಲ್ಲಿ ಓಡಿಸುವ ಶೋಕಿ ಬೇಡ. ತಣ್ಣಗಿದ್ದಾಗ ಇವು ಮರದ ತುಂಡಿನ ಹಾಗೆ. ಬೆಳಿಗ್ಗೆ ಗೇಟು ದಾಟಿದ ಕೂಡಲೇ ಮಗುವೊಂದು ಅಡ್ಡ ಓಡಿ ಬಂದರೆ ನಿಮಗೆ ಬೇಕಾದ ಹಿಡಿತ 30 ಡಿಗ್ರಿಯಲ್ಲಿ, 400ರಲ್ಲಲ್ಲ. ಜೊತೆಗೆ ತಣ್ಣಗಿನ ರೇಸ್ ಪ್ಯಾಡ್ ಡಿಸ್ಕನ್ನು ಉಜ್ಜುಕಾಗದದ ಹಾಗೆ ಕೆರೆಯುತ್ತದೆ. ಹಳೇ ಲಾರಿಯ ಹಾಗೆ ಕಿರಿಚಿ ಬೀದಿಯವರನ್ನೆಲ್ಲ ಎಬ್ಬಿಸುತ್ತದೆ. ಕಬ್ಬಿಣದ ಪುಡಿ ಅಲಾಯ್ ಚಕ್ರದ ಮೇಲೆ ಕೂತು, ಮಳೆ ಬಿದ್ದು ತುಕ್ಕು ಹಿಡಿದರೆ ಉಗುರಿನಲ್ಲಿ ಕೆರೆದರೂ ಹೋಗುವುದಿಲ್ಲ.

ಒಂದು ಮಾತು ಎಲ್ಲರಿಗೂ. ಹೊಸ ಪ್ಯಾಡ್ ಹಾಕಿದರೆ ರಸ್ತೆಯಲ್ಲಿ ಕಾರು ಬೇಗ ನಿಲ್ಲುತ್ತದೆ ಎಂದು ನಂಬಬೇಡಿ. ಮೂಲ ಪ್ಯಾಡಿನಲ್ಲೂ ಗಟ್ಟಿಯಾಗಿ ತುಳಿದರೆ ಎಬಿಎಸ್ ಕೆಲಸ ಶುರು ಮಾಡುತ್ತದೆ, ಅಂದರೆ ಟಯರಿನ ಹಿಡಿತ ಅಲ್ಲಿಗೇ ಮುಗಿಯಿತು. ಪ್ಯಾಡ್ ನಿಲ್ಲಿಸುವುದು ಚಕ್ರವನ್ನು, ಕಾರನ್ನು ನಿಲ್ಲಿಸುವುದು ಟಯರು. ಟ್ರ್ಯಾಕ್ ಪ್ಯಾಡಿನ ಲಾಭ ಮೊದಲ ಸಲ ಒತ್ತಿದಾಗ ಇಲ್ಲ, ಮೂವತ್ತನೇ ಸಲ ಒತ್ತಿದಾಗ ಇದೆ.

ಹೆಜ್ಜೆ 6: ಅಳತೆ, ಜೋಡಿ, ಅಸಲಿ

ಒಂದೇ ಮಾಡೆಲ್ಲಿನಲ್ಲಿ ಪೆಟ್ರೋಲಿಗೆ ಒಂದು ಕ್ಯಾಲಿಪರ್, ಡೀಸೆಲ್ಲಿಗೆ ಇನ್ನೊಂದು ಇರಬಹುದು. ವರ್ಷದ ನಡುವೆಯೂ ಬದಲಾಗಿರಬಹುದು. ಕಾರಿನ ಹೆಸರು ಹೇಳಿ ಆರ್ಡರ್ ಮಾಡಬೇಡಿ. ಹಳೇ ಪ್ಯಾಡ್ ಬಿಚ್ಚಿ, ಬೆನ್ನಿನ ತಗಡಿನ ಉದ್ದ, ಎತ್ತರ, ಒಟ್ಟು ದಪ್ಪ ಅಳೆದು ಫೋಟೋ ತೆಗೆದುಕೊಳ್ಳಿ. ಕ್ಯಾಟಲಾಗಿನ ಚಿತ್ರದ ಜೊತೆ ಹೋಲಿಸಿ. ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೇ ಪ್ಯಾಡನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರಿಗೆ ಮಾತಿಗಿಂತ ವಸ್ತು ಬೇಗ ಅರ್ಥವಾಗುತ್ತದೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಕಾರೇ ನಮ್ಮಲ್ಲಿ ಹೆಚ್ಚು. ಮುಂದಿನ ಪ್ಯಾಡ್ ಮಾತ್ರ ಬದಲಿಸಿದರೆ ಬ್ರೇಕಿನ ಭಾರ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಸ್ವಲ್ಪ ಸರಿದರೆ ತೊಂದರೆಯಿಲ್ಲ, ಮ್ಯೂ ತೀರಾ ಜಾಸ್ತಿ ಇರುವುದನ್ನು ಹಾಕಿದರೆ ಮುಂದಿನ ಚಕ್ರ ಬೇಗ ಲಾಕ್ ಆಗಲು ನೋಡುತ್ತದೆ, ಹಿಂದಿನದು ಸುಮ್ಮನೆ ತಿರುಗುತ್ತಿರುತ್ತದೆ. ನಾಲ್ಕೂ ಕಡೆ ಡಿಸ್ಕ್ ಇದ್ದವರು ಹಿಂದೆ ಮುಂದಿಗಿಂತ ಹೆಚ್ಚು ಹಿಡಿಯುವ ಪ್ಯಾಡ್ ಎಂದೂ ಹಾಕಬಾರದು. ತಿರುವಿಗೆ ಬ್ರೇಕ್ ಒತ್ತುತ್ತಾ ಹೋದಾಗ ಹಿಂಭಾಗ ನಿಮ್ಮನ್ನು ದಾಟಿ ಮುಂದೆ ಬರುತ್ತದೆ.

ನಕಲಿ ಮಾಲು ಬ್ರೇಕ್ ಪ್ಯಾಡಿನಲ್ಲೂ ಇದೆ. ಬೆಲೆ ಎಲ್ಲ ಕಡೆಗಿಂತ ಅರ್ಧ ಇದ್ದರೆ ಅನುಮಾನ ಪಡಿ. ಪೆಟ್ಟಿಗೆಯ ಸೀಲ್, ಬ್ಯಾಚ್ ನಂಬರ್, ಪ್ಯಾಡಿನ ಮೇಲಿನ ಅಚ್ಚು ಮೂರೂ ತಾಳೆಯಾಗಬೇಕು. ಬಿಲ್ ಇಲ್ಲದೆ ಕೊಳ್ಳಬೇಡಿ.

ಡಿಸ್ಕನ್ನೂ ನೋಡಿ. ಅದರ ಅಂಚಿನಲ್ಲೋ ನಡುವಿನ ಟೋಪಿಯಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಕೊರೆದಿರುತ್ತದೆ. ಅದಕ್ಕೆ ಹತ್ತಿರ ಬಂದ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿ ಟ್ರ್ಯಾಕಿಗೆ ಹೋಗುವುದು ಹರಿದ ಚಪ್ಪಲಿಗೆ ಪಾಲಿಶ್ ಹಾಕಿದ ಹಾಗೆ.

ಹೆಜ್ಜೆ 7: ಜೋಡಿಸಿ, ಪಳಗಿಸಿ

ಜೋಡಣೆ ಮೆಕ್ಯಾನಿಕ್‌ಗೆ ಬಿಡಬಹುದು. ಆದರೆ ಪಕ್ಕದಲ್ಲಿ ನಿಂತು ಮೂರು ವಿಷಯ ಗಮನಿಸಿ. ಕ್ಯಾಲಿಪರ್ ಜಾರುವ ಪಿನ್ ಒರೆಸಿ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದರಾ? ಪ್ಯಾಡನ್ನು ಒತ್ತುವ ಪಿಸ್ಟನ್ ಒಳಕ್ಕೆ ತಳ್ಳುವಾಗ ಮೇಲಿನ ಡಬ್ಬಿಯಿಂದ ಆಯಿಲ್ ಉಕ್ಕಿ ಪೇಂಟಿನ ಮೇಲೆ ಬಿತ್ತಾ? ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದರಾ? ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಲ್ಲಿ ಒರೆಸಲಿ. ಕಾರು ಹೊರಡಿಸುವ ಮುಂಚೆ ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತು ಗ್ಯಾರೇಜಿನ ಗೋಡೆಗೆ ಮುತ್ತಿಟ್ಟವರು ಕಡಿಮೆಯೇನಿಲ್ಲ.

ಪಳಗಿಸುವ ಕೆಲಸ ಮಾತ್ರ ನಿಮ್ಮದೇ. ಹೊಸ ದೋಸೆ ಕಾವಲಿಯನ್ನು ಎಣ್ಣೆ ಸವರಿ, ಕಾಯಿಸಿ, ಆರಿಸಿ ಪಳಗಿಸುತ್ತೇವಲ್ಲ, ಹಾಗೇ ಇದು. ಡಿಸ್ಕ್ ಕೂಡ ಎರಕದ ಕಬ್ಬಿಣವೇ. ಪ್ಯಾಡಿನ ವಸ್ತುವಿನ ತೆಳ್ಳನೆಯ ಪದರ ಡಿಸ್ಕಿನ ಮೇಲೆ ಎಲ್ಲ ಕಡೆ ಒಂದೇ ಸಮ ಕೂರಬೇಕು. ಆಮೇಲೆ ಪ್ಯಾಡ್ ಹಿಡಿಯುವುದು ಆ ಪದರವನ್ನು. ಪಳಗದ ಕಾವಲಿಯಲ್ಲಿ ಮೊದಲ ದೋಸೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಕಂಪನಿ ಕೊಟ್ಟ ವಿಧಾನ ಇದ್ದರೆ ಅದೇ ಮೊದಲು. ಇಲ್ಲದಿದ್ದರೆ ಸಾಮಾನ್ಯ ರೀತಿ ಇದು. ಬೆಳಗಿನ ಜಾವ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆ ಹುಡುಕಿ. ಟ್ರ್ಯಾಕಿನ ಮೊದಲ ಸೆಷನ್ ಆದರೆ ಇನ್ನೂ ಒಳ್ಳೆಯದು. 60ರಿಂದ 20ಕ್ಕೆ ನಾಲ್ಕೈದು ಸಲ ಮೆಲ್ಲಗೆ ಇಳಿಸಿ, ಡಿಸ್ಕ್ ಬೆಚ್ಚಗಾಗಲಿ. ಆಮೇಲೆ 90–100ರಿಂದ 20ಕ್ಕೆ ಎಂಟರಿಂದ ಹತ್ತು ಸಲ, ಎಬಿಎಸ್ ಬರುವುದಕ್ಕಿಂತ ಸ್ವಲ್ಪ ಕಡಿಮೆ ಒತ್ತಿ. ಪೂರ್ತಿ ನಿಲ್ಲಿಸಬೇಡಿ. ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಕಾಣಬಹುದು, ನಡುವೆ ಒಮ್ಮೆ ಹಿಡಿತ ತುಸು ಇಳಿದ ಹಾಗೆ ಅನ್ನಿಸಬಹುದು. ಹೊಸ ಪ್ಯಾಡಿನ ಅಂಟು ಮೊದಲ ಸಲ ಕಾದು ಅನಿಲ ಬಿಡುವುದು ಅದು. ಆಮೇಲೆ ಹತ್ತು ಹದಿನೈದು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ಆರಿಸಿ. ಡಿಸ್ಕಿನ ಮೇಲೆ ನೀಲಿ ಛಾಯೆಯ ಬೂದು ಬಣ್ಣ ಸಮವಾಗಿ ಕೂತಿದ್ದರೆ ಪಳಗಿದೆ.

ಪ್ಯಾಡ್ ಚೆನ್ನಾಗಿ ಕಾದಿರುವಾಗ ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ನಿಂತರೆ ಪ್ಯಾಡಿನ ಅಚ್ಚು ಒಂದೇ ಕಡೆ ಡಿಸ್ಕಿಗೆ ಅಂಟುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳುವುದರಲ್ಲಿ ಎಷ್ಟೋ ಸಲ ಡಿಸ್ಕ್ ಬೆಂಡಾಗಿರುವುದಿಲ್ಲ, ಹೀಗೆ ಕಲೆ ಬಿದ್ದಿರುತ್ತದೆ. ಡಿಸ್ಕ್ ಎಸೆಯುವ ಮುಂಚೆ ಇನ್ನೊಮ್ಮೆ ಪಳಗಿಸಿ ನೋಡಿ.

ಎರಡು ಜೊತೆ ಪ್ಯಾಡ್ ಇಟ್ಟುಕೊಂಡವರಿಗೆ ಇಲ್ಲೊಂದು ತೊಡಕಿದೆ. ಒಂದು ಪ್ಯಾಡಿನ ಪದರದ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಒಂದೇ ಕಂಪನಿಯ ಒಂದೇ ಕುಟುಂಬದ ಪ್ಯಾಡ್‌ಗಳಾದರೆ ಗಲಾಟೆ ಕಡಿಮೆ. ಇಲ್ಲದಿದ್ದರೆ ಬದಲಿಸಿದಾಗಲೆಲ್ಲ ಮೊದಲ ಒಂದೆರಡು ಸುತ್ತು ನಿಧಾನವಾಗಿ ಪಳಗಿಸಲು ಬಿಡಿ. ಡಿಸ್ಕನ್ನೂ ಎರಡು ಜೊತೆ ಇಡುವ ಪುಣ್ಯಾತ್ಮರಿದ್ದಾರೆ. ನನಗೆ ಅಷ್ಟು ಜಾಗವೂ ಇಲ್ಲ, ಮನೆಯಲ್ಲಿ ಅಷ್ಟು ಒಪ್ಪಿಗೆಯೂ ಇಲ್ಲ.

ಹೆಜ್ಜೆ 8: ಟ್ರ್ಯಾಕಿನ ದಿನ ಮತ್ತು ಮರುದಿನ

ಅರ್ಧಕ್ಕಿಂತ ಸವೆದ ಪ್ಯಾಡಿನಲ್ಲಿ ಹೋಗಬೇಡಿ. ರಸ್ತೆಗೆ 3 ಮಿ.ಮೀ. ಉಳಿಯುವವರೆಗೂ ನಡೆದೀತು. ಟ್ರ್ಯಾಕಿನಲ್ಲಿ ಪ್ಯಾಡಿನ ದಪ್ಪವೇ ಪಿಸ್ಟನ್ನಿಗೂ ಆಯಿಲ್‌ಗೂ ಬಿಸಿ ತಾಗದಂತೆ ತಡೆಯುವ ಗೋಡೆ. ಅದು ತೆಳ್ಳಗಾದಷ್ಟೂ ಆಯಿಲ್ ಬೇಗ ಕುದಿಯುತ್ತದೆ. 6 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಬದಲಿಸಿಬಿಡುತ್ತೇನೆ.

ಪ್ರತಿ ಸೆಷನ್ನಿನ ಕೊನೆಯ ಸುತ್ತು ಬ್ರೇಕ್ ಆದಷ್ಟೂ ಮುಟ್ಟದೆ ತಂಪು ಮಾಡಿಕೊಂಡು ಬನ್ನಿ. ಪಿಟ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲೋ ಮರದ ತುಂಡೋ ಇಡಿ. ಬಿಸಿ ಡಿಸ್ಕಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ಪೆಡಲ್ ಸ್ವಲ್ಪ ಉದ್ದ ಹೋಗುತ್ತಿದೆ ಅನ್ನಿಸಿದ ಕೂಡಲೇ ಒಳಗೆ ಬನ್ನಿ. ಇನ್ನೊಂದೇ ಸುತ್ತು ಎನ್ನುವ ಆಸೆಗೆ ನಾನು ಮಣ್ಣು ನೋಡಿದ್ದು. ಖಾಸಗಿ ಕಾರಿನ ಸಾಮಾನ್ಯ ವಿಮೆ ರೇಸ್ ಮತ್ತು ವೇಗದ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಪಾಲಿಸಿಯ ಸಣ್ಣ ಅಕ್ಷರ ಒಮ್ಮೆ ಓದಿಕೊಂಡೇ ಹೊರಡಿ.

ಸಂಜೆ ಹೆದ್ದಾರಿ ಹತ್ತುವ ಮುಂಚೆ ಚಕ್ರದ ಬೋಲ್ಟ್ ಮತ್ತೆ ಬಿಗಿ ನೋಡಿ, ಪೆಡಲ್ ಗಟ್ಟಿ ಇದೆಯಾ ನೋಡಿ. ಮೆತ್ತಗಿದ್ದರೆ ಅಲ್ಲೇ ಆಯಿಲ್ ಬ್ಲೀಡ್ ಮಾಡಿಸಿ, ಅಂದರೆ ಒಳಗಿನ ಗುಳ್ಳೆ ಹೊರಹಾಕಿಸಿ. 300 ಕಿ.ಮೀ. ದಾರಿ ಇದೆ.

ಮರುದಿನ ಚಕ್ರ ಬಿಚ್ಚಿ. ಪ್ಯಾಡ್ ಒಂದು ತುದಿ ದಪ್ಪ, ಒಂದು ತುದಿ ತೆಳ್ಳಗೆ ಸವೆದಿದ್ದರೆ ಕ್ಯಾಲಿಪರ್ ಬಿಸಿಗೆ ಬಾಯಿ ಬಿಡುತ್ತಿರಬಹುದು. ಒಳಗಿನ ಪ್ಯಾಡ್ ಜಾಸ್ತಿ ಸವೆದು ಹೊರಗಿನದು ಹಾಗೇ ಇದ್ದರೆ ಪಿನ್ ಜಾರುತ್ತಿಲ್ಲ. ಅಂಚು ಬೂದಿಯ ಹಾಗೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಆ ಪ್ಯಾಡ್ ತನ್ನ ಮಿತಿ ದಾಟಿದೆ, ಮುಂದಿನ ಸಲ ಒಂದು ಮೆಟ್ಟಿಲು ಮೇಲಿನದು ಬೇಕು. ಮುಖ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಸರಿಯಾಗಿ ಪಳಗಿಲ್ಲ. ಇದ್ಯಾವುದೂ ಇಲ್ಲದೆ ನಾಲ್ಕೂ ಒಂದೇ ಸಮ ಸವೆದಿದ್ದರೆ ನಿಮ್ಮ ಆಯ್ಕೆ ಸರಿಯಾಗಿದೆ, ಇನ್ಯಾರೋ ಬೇರೆ ಬ್ರಾಂಡ್ ಹೊಗಳಿದರೂ ಬದಲಿಸಲು ಹೋಗಬೇಡಿ.

ಬಿಚ್ಚಿಟ್ಟ ಪ್ಯಾಡ್ ಬೆನ್ನಿನ ಮೇಲೆ ಮಾರ್ಕರಿನಲ್ಲಿ ಎಡ ಒಳ, ಎಡ ಹೊರ, ಬಲ ಒಳ, ಬಲ ಹೊರ ಎಂದು ಬರೆದು, ದಪ್ಪ ಎಷ್ಟಿದೆ ಎಂದೂ ಪಕ್ಕದಲ್ಲಿ ಗೀಚಿ ಡಬ್ಬಕ್ಕೆ ಹಾಕಿಡಿ. ಮುಂದಿನ ಸಲ ಇದ್ದ ಜಾಗಕ್ಕೇ ಹಾಕಿದರೆ ಪಳಗಿಸುವ ಕೆಲಸ ಕಡಿಮೆಯಾಗುತ್ತದೆ.